ಪೂಜೆ, ಜಪ, ಧ್ಯಾನಕ್ಕೆ ಸುಗಂಧ ತೈಲ: ಆಯ್ಕೆಯಿಂದ ಬಳಕೆಯವರೆಗೆ

ದೀಪದ ಎಣ್ಣೆಗೆ ಗಂಧದೆಣ್ಣೆ ಬೆರೆಸಬಹುದೇ, ವಿಗ್ರಹಕ್ಕೆ ಅತ್ತರು ಹಚ್ಚಬಹುದೇ, ಜಪಕ್ಕೆ ಕೂರುವ ಮುನ್ನ ಹಣೆಗೆ ಯಾವ ಎಣ್ಣೆ ಹಚ್ಚಿಕೊಳ್ಳಬೇಕು, ನೂರು ರೂಪಾಯಿಗೆ ಸಿಗುವ ‘ಶುದ್ಧ ಶ್ರೀಗಂಧದೆಣ್ಣೆ’ ನಿಜವಾಗಿಯೂ ಶುದ್ಧವೇ ಎಂಬ ನಾಲ್ಕು ಪ್ರಶ್ನೆಗಳನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೆಡೆ, ಕ್ರಮವಾಗಿ ಹೇಳುವುದು ಲೇಸೆನಿಸಿತು. ಇಲ್ಲಿರುವುದು ಮನೆಯ ದೇವರಕೋಣೆಗೆ ಮತ್ತು ವೈಯಕ್ತಿಕ ಸಾಧನೆಗೆ ಸಂಬಂಧಿಸಿದ ವಿವರಣೆ ಮಾತ್ರ. ನಿಮ್ಮ ಮನೆತನದ ಪದ್ಧತಿಯೋ ಗುರುಗಳ ಉಪದೇಶವೋ ಬೇರೆಯಾಗಿದ್ದರೆ ಅದನ್ನೇ ಅನುಸರಿಸಿ. ಆದರೆ ಸುರಕ್ಷತೆಯ ಬಗ್ಗೆ ಇಲ್ಲಿ ಹೇಳಿರುವುದು ಯಾವ ಪದ್ಧತಿಯವರಿಗೂ ಒಂದೇ ಎಂಬುದನ್ನು ನೆನಪಿಡಿ.

ಪರಿಮಳಕ್ಕೆ ನಮ್ಮ ಆರಾಧನೆಯಲ್ಲಿ ಇರುವ ಸ್ಥಾನ ಅಲಂಕಾರದ್ದಲ್ಲ. ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಎಂಬ ಪಂಚೋಪಚಾರದಲ್ಲಿ ಮೊದಲನೆಯದೇ ಗಂಧ. ಗಂಧವು ಪೃಥ್ವೀತತ್ತ್ವದ ಗುಣವೆಂದು ನ್ಯಾಯ-ವೈಶೇಷಿಕರು ಹೇಳುತ್ತಾರೆ. ಮಾನಸಪೂಜೆಯಲ್ಲಿ ‘ಲಂ’ ಬೀಜಾಕ್ಷರದೊಡನೆ ಪೃಥ್ವಿಯ ರೂಪದಲ್ಲಿ ಗಂಧವನ್ನು ಸಮರ್ಪಿಸುವುದು ಈ ಕಾರಣಕ್ಕೇ. ದರ್ಗಾಗಳ ಉರುಸಿನಲ್ಲಿ ಗಂಧದ ಮೆರವಣಿಗೆ ಇದೆ, ಕ್ಯಾಥೋಲಿಕ್ ಕ್ರೈಸ್ತರಲ್ಲಿ ಪರಿಮಳ ಬೆರೆಸಿ ಅಭಿಮಂತ್ರಿಸಿದ ತೈಲವನ್ನು ಹಣೆಗೆ ಹಚ್ಚುವ ಸಂಸ್ಕಾರವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸುಗಂಧದ್ರವ್ಯಗಳ ತಯಾರಿಕೆ ಮತ್ತು ಬಳಕೆಗೆ ಪ್ರತ್ಯೇಕ ಜಾಗವಿದೆ ಎಂದಮೇಲೆ, ಈ ವಿದ್ಯೆ ಕನ್ನಡ ನೆಲಕ್ಕೆ ಹೊಸದೇನಲ್ಲ.

ಮೊದಲು ಹೆಸರುಗಳ ಗೊಂದಲ

ಅಂಗಡಿಯಲ್ಲಿ ‘ಎಣ್ಣೆ’ ಎಂಬ ಒಂದೇ ಮಾತಿನಡಿ ನಾಲ್ಕು ಬೇರೆ ವಸ್ತುಗಳನ್ನು ಮಾರುತ್ತಾರೆ. ಇವುಗಳ ವ್ಯತ್ಯಾಸ ತಿಳಿಯದೆ ಮುಂದಿನ ಯಾವ ಹಂತವೂ ಸರಿಯಾಗುವುದಿಲ್ಲ.

ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬಾದಾಮಿ ಎಣ್ಣೆಗಳು ಬೀಜ ಅಥವಾ ಕಾಯಿಯನ್ನು ಗಾಣದಲ್ಲಿ ಹಿಂಡಿ ತೆಗೆದ ಜಿಡ್ಡಿನ ಎಣ್ಣೆಗಳು. ಇವು ಆವಿಯಾಗುವುದಿಲ್ಲ. ಪರಿಮಳದ ಎಣ್ಣೆಯನ್ನು ಹೊತ್ತು ಒಯ್ಯುವ ಕೆಲಸ ಇವುಗಳದ್ದಾದ್ದರಿಂದ ಈ ಲೇಖನದಲ್ಲಿ ಇವನ್ನು ಮೂಲ ಎಣ್ಣೆ ಎನ್ನುತ್ತೇನೆ.

ಎರಡನೆಯದು ಸಾರತೈಲ, ಶೀಷೆಯ ಮೇಲೆ ‘ಎಸೆನ್ಷಿಯಲ್ ಆಯಿಲ್’ ಎಂದು ಬರೆದಿರುತ್ತದೆ. ಮರ, ಬೇರು, ಎಲೆ ಅಥವಾ ಹೂವನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಪಡೆದ, ಗಾಳಿಗೆ ಆರುವ ಸಾಂದ್ರ ದ್ರವವಿದು. ಶ್ರೀಗಂಧ, ಲಾವಂಚ, ದವನ, ಲವಂಗ, ಮಜ್ಜಿಗೆಹುಲ್ಲಿನ ಎಣ್ಣೆಗಳು ಈ ಜಾತಿಗೆ ಸೇರಿದವು.

ಮೂರನೆಯದು ಅತ್ತರು. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ನಡೆದಿರುವ ಹಳೆಯ ಕ್ರಮದಲ್ಲಿ, ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ಹೂವು ಮತ್ತು ನೀರನ್ನು ಕಾಯಿಸಿ, ಬಿದಿರಿನ ಕೊಳವೆಯ ಮೂಲಕ ಹಬೆಯನ್ನು ‘ಭಪ್ಕಾ’ ಎಂಬ ಇನ್ನೊಂದು ಪಾತ್ರೆಗೆ ಹಾಯಿಸುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಇಟ್ಟಿರುವ ಗಂಧದೆಣ್ಣೆ ಹೂವಿನ ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಅನೇಕರು ಅದರ ಬದಲು ದ್ರವ ಪ್ಯಾರಾಫಿನ್ ಎಂಬ ಖನಿಜ ಎಣ್ಣೆಯನ್ನು ಬಳಸುತ್ತಿದ್ದಾರೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು.

ನಾಲ್ಕನೆಯದು ಪ್ರಯೋಗಾಲಯದಲ್ಲಿ ತಯಾರಾದ ಸುವಾಸನೆಯ ಎಣ್ಣೆ, ‘ಫ್ರಾಗ್ರೆನ್ಸ್ ಆಯಿಲ್’. ಇದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಕೋಣೆ ಘಮಘಮಿಸಲು ಸಾಕು. ಆದರೆ ದೇವರಿಗೆ ಸಮರ್ಪಿಸುವ ದ್ರವ್ಯವೆಂದೋ ಮೈಗೆ ಹಚ್ಚುವ ಎಣ್ಣೆಯೆಂದೋ ಇದನ್ನು ಬಳಸಬೇಡಿ.

ಬೇಕಾಗುವ ಸಾಮಗ್ರಿ

ಗಾಣದ ಎಳ್ಳೆಣ್ಣೆ 30 ಮಿಲಿ; ಒಂದೋ ಎರಡೋ ಸಾರತೈಲ; ಬಿಗಿ ಮುಚ್ಚಳದ ಕಂದು ಗಾಜಿನ ಶೀಷೆ; ಗಾಜಿನ ಹನಿಗೊಳವೆ; ಚೀಟಿ ಮತ್ತು ಪೆನ್ನು; ಹತ್ತಿ; ಒಂದು ಚಿಕ್ಕ ಮಣ್ಣಿನ ಅಥವಾ ಪಿಂಗಾಣಿಯ ಬಟ್ಟಲು. ಮೊದಲ ಸಲಕ್ಕೆ ಇಷ್ಟೇ ಸಾಕು. ಹನ್ನೆರಡು ಶೀಷೆಗಳ ಪೆಟ್ಟಿಗೆಯನ್ನು ತರಿಸಿಕೊಂಡು ಶುರುಮಾಡುವವರಲ್ಲಿ ಹೆಚ್ಚಿನವರು ಎರಡು ಶೀಷೆಗಳಿಂದಾಚೆಗೆ ಹೋಗುವುದಿಲ್ಲ.

1. ಒಂದು ಸಾಧನೆಗೆ ಒಂದು ಪರಿಮಳವನ್ನು ಗೊತ್ತುಮಾಡಿಕೊಳ್ಳಿ

ಮೂಗಿನಿಂದ ಹೊರಟ ಸಂದೇಶವು ಮಿದುಳಿನಲ್ಲಿ ನೆನಪನ್ನೂ ಭಾವವನ್ನೂ ನಡೆಸುವ ಭಾಗಗಳನ್ನು ಬೇರೆ ಇಂದ್ರಿಯಗಳ ಸಂದೇಶಕ್ಕಿಂತ ನೇರವಾಗಿ ಮುಟ್ಟುತ್ತದೆ. ದಿನವೂ ಅದೇ ಹೊತ್ತಿನಲ್ಲಿ, ಅದೇ ಆಸನದಲ್ಲಿ, ಅದೇ ಪರಿಮಳದೊಡನೆ ಜಪಕ್ಕೆ ಕುಳಿತರೆ, ಕೆಲವು ವಾರಗಳಲ್ಲಿ ಆ ಪರಿಮಳ ಬಂದೊಡನೆಯೇ ಮನಸ್ಸು ಜಪಕ್ಕೆ ಅಣಿಯಾಗತೊಡಗುವುದು ಇದರಿಂದಲೇ. ದಿನಕ್ಕೊಂದು ಎಣ್ಣೆ ಬದಲಿಸುವವರಿಗೆ ಈ ಲಾಭ ಸಿಗುವುದಿಲ್ಲ. ಜಪದ ಪರಿಮಳವನ್ನು ಮದುವೆ ಮನೆಗೆ ಹೋಗುವಾಗ ಹಚ್ಚಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕು.

ನನ್ನ ಅಭಿಪ್ರಾಯದಲ್ಲಿ ಆರಂಭಕ್ಕೆ ಶ್ರೀಗಂಧ ಅಥವಾ ಲಾವಂಚ ಸಾಕು. ಎರಡೂ ನಿಧಾನವಾಗಿ ಆರುತ್ತವೆ, ಎರಡೂ ಚರ್ಮಕ್ಕೆ ಸೌಮ್ಯ. ಲಾವಂಚಕ್ಕೆ ಮೊದಲ ಮಳೆಯಲ್ಲಿ ತೊಯ್ದ ಮಣ್ಣಿನ ಛಾಯೆಯಿದೆ. ಗಂಧದೆಣ್ಣೆಗೆ ಹೋಲಿಸಿದರೆ ಬೆಲೆ ಬಹಳ ಕಡಿಮೆ. ದವನದ ಎಣ್ಣೆ ಕರ್ನಾಟಕದಲ್ಲಿ ಬೆಳೆಯುವ ದವನದ್ದೇ. ಚೈತ್ರದ ದವನದ ಹುಣ್ಣಿಮೆಯಂದು ದೇವರಿಗೆ ಏರಿಸುವ ಆ ಸೊಪ್ಪಿನ ಪರಿಮಳವೇ ಹಣ್ಣಿನಂಥ ಸಿಹಿಯೊಡನೆ ಇದರಲ್ಲಿ ಇಳಿದಿರುತ್ತದೆ. ಒಂದು ಹನಿ ಹೆಚ್ಚಾದರೂ ಉಳಿದೆಲ್ಲವನ್ನೂ ನುಂಗಿಬಿಡುವ ಎಣ್ಣೆಯಾದ್ದರಿಂದ ಕೈ ಬಿಗಿಹಿಡಿದು ಬಳಸಬೇಕು.

ಹೂವಿಗೆ ಸಂಬಂಧಿಸಿದ ನಿಷೇಧಗಳನ್ನು ಎಣ್ಣೆಯ ವಿಷಯದಲ್ಲಿಯೂ ಪಾಲಿಸುವ ಮನೆಗಳಿವೆ. ಕೇದಗೆಯನ್ನು ಶಿವನಿಗೆ ಏರಿಸದವರು ಒಡಿಶಾದ ಗಂಜಾಮಿನಿಂದ ಬರುವ ಕೇವಡಾ ಅತ್ತರನ್ನೂ ಶಿವಪೂಜೆಗೆ ಬಳಸಬಾರದು, ಏಕೆಂದರೆ ಕೇವಡಾ ಎಂದರೆ ಕೇದಗೆಯೇ. ಹೆಸರು ಬೇರೆಯಿರುವುದರಿಂದ ಇಲ್ಲಿ ಎಡವುವವರು ಹೆಚ್ಚು.

2. ಕೊಳ್ಳುವಾಗ ಬೆಲೆಯ ಲೆಕ್ಕ ಹಾಕಿ

ಅಸಲಿ ಶ್ರೀಗಂಧದೆಣ್ಣೆಯ ಬೆಲೆ ಕಿಲೋಗೆ ಒಂದು ಲಕ್ಷ ರೂಪಾಯಿಯನ್ನು ದಾಟಿ ಬಹಳ ಕಾಲವಾಯಿತು. ಲಕ್ಷವೆಂದೇ ಇಟ್ಟುಕೊಂಡರೂ ಗ್ರಾಂಗೆ 100 ರೂಪಾಯಿ. 10 ಮಿಲಿ ಶೀಷೆಯೊಳಗಿನ ಎಣ್ಣೆ ಸುಮಾರು 9.7 ಗ್ರಾಂ ತೂಗುತ್ತದೆ. ಅಂದರೆ ಶೀಷೆ, ತೆರಿಗೆ, ಅಂಗಡಿಯವರ ಲಾಭ ಯಾವುದನ್ನೂ ಸೇರಿಸದೆಯೇ 970 ರೂಪಾಯಿ. ಅದೇ ಅಳತೆಯ ಶೀಷೆ 100 ರೂಪಾಯಿಗೆ ಸಿಗುತ್ತಿದ್ದರೆ ಒಳಗಿರುವುದು ಏನೆಂದು ಮೂಸಿ ನೋಡಬೇಕಾದ ಅಗತ್ಯವೇ ಇಲ್ಲ. ಮಲ್ಲಿಗೆಯದ್ದೂ ಇದೇ ಕಥೆ. ಮಲ್ಲಿಗೆ ಹೂವು ಹಬೆಯ ಬಿಸಿಯನ್ನು ತಾಳದು, ಅದರ ಸಾರವನ್ನು ದ್ರಾವಕದ ಮೂಲಕ ತೆಗೆಯಬೇಕು, ರಾಶಿ ಹೂವಿಗೆ ಸಿಗುವುದು ಅತ್ಯಲ್ಪ. ಆದ್ದರಿಂದ 50 ರೂಪಾಯಿಯ ‘ಮಲ್ಲಿಗೆ ಸಾರತೈಲ’ ಎಂಬುದು ಸುವಾಸನೆಯ ಎಣ್ಣೆಯೇ ಆಗಿರುತ್ತದೆ.

ಚೀಟಿಯ ಮೇಲೆ ಸಸ್ಯದ ಶಾಸ್ತ್ರೀಯ ಹೆಸರು ಇದೆಯೇ ನೋಡಿ. ನಮ್ಮ ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ಸ್ಯಾಂಟಲಮ್ ಸ್ಪಿಕೇಟಮ್ ಎಂದಿದ್ದರೆ ಅದು ಆಸ್ಟ್ರೇಲಿಯಾದ ಗಂಧ, ಪರಿಮಳ ಬೇರೆ. ಅಮೈರಿಸ್ ಎಂದಿದ್ದರೆ ಗಂಧದ ಕುಲವೇ ಅಲ್ಲ. ಮೈಸೂರಿನಲ್ಲಿ 1916ರಲ್ಲಿ, ಮಹಾಯುದ್ಧದಿಂದಾಗಿ ಗಂಧದ ಕೊರಡುಗಳ ರಫ್ತು ನಿಂತಾಗ ಆರಂಭವಾದ ಗಂಧದೆಣ್ಣೆ ಕಾರ್ಖಾನೆಯ ಪರಂಪರೆ ಸರ್ಕಾರಿ ಸ್ವಾಮ್ಯದ ಸಂಸ್ಥೆಯಲ್ಲಿ ಇಂದಿಗೂ ಮುಂದುವರಿದಿದೆ. ಗಂಧದೆಣ್ಣೆಯನ್ನೇ ಬಯಸುವವರು ಬೀದಿಬದಿಯ ಶೀಷೆಗಿಂತ ಅಂಥ ಅಧಿಕೃತ ಮಳಿಗೆಯಲ್ಲಿ ಚಿಕ್ಕ ಅಳತೆಯದನ್ನು ಕೊಳ್ಳುವುದು ಉತ್ತಮ.

ಮನೆಯಲ್ಲಿ ಮಾಡುವ ಪರೀಕ್ಷೆಗಳಲ್ಲಿ ಬಿಳಿ ಕಾಗದದ ಪರೀಕ್ಷೆ ಪ್ರಸಿದ್ಧ: ಒಂದು ಹನಿ ಹಾಕಿ ಒಂದು ದಿನ ಬಿಟ್ಟರೆ, ಸಾರತೈಲ ಆರಿಹೋಗುತ್ತದೆ, ಜಿಡ್ಡಿನ ಎಣ್ಣೆ ಬೆರೆತಿದ್ದರೆ ಪಾರದರ್ಶಕ ಕಲೆ ಉಳಿಯುತ್ತದೆ. ಮಜ್ಜಿಗೆಹುಲ್ಲು, ನೀಲಗಿರಿ, ಕಿತ್ತಳೆ ಎಣ್ಣೆಗಳಿಗೆ ಇದು ಸರಿ. ಆದರೆ ಶ್ರೀಗಂಧ, ಲಾವಂಚಗಳು ಅಷ್ಟು ಬೇಗ ಆರುವುದಿಲ್ಲವಾದ್ದರಿಂದ ಅಸಲಿ ಎಣ್ಣೆಯೂ ಈ ಪರೀಕ್ಷೆಯಲ್ಲಿ ‘ನಕಲಿ’ಯಾಗಿಬಿಡುತ್ತದೆ. ಲವಂಗದ ಎಣ್ಣೆಗೆ ನೀರಿನ ಪರೀಕ್ಷೆ ಚೆನ್ನ: ಅದು ನೀರಿಗಿಂತ ಭಾರವಾದ್ದರಿಂದ ಲೋಟದ ನೀರಿಗೆ ಬಿಟ್ಟ ಹನಿ ಗುಂಡಗೆ ತಳಕ್ಕೆ ಇಳಿಯಬೇಕು, ಮೇಲೆ ತೇಲಿ ಹರಡಿಕೊಂಡರೆ ಹಗುರ ಎಣ್ಣೆ ಬೆರೆತಿದೆ.

ಕಸ್ತೂರಿ ಮತ್ತು ಪುನುಗಿನ ಬಗ್ಗೆ ಒಂದು ಮಾತು. ಕಸ್ತೂರಿಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅತ್ಯುನ್ನತ ರಕ್ಷಣೆ ಇದೆ, ಪುನುಗಿನ ಬೆಕ್ಕಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ. ಮಾರುಕಟ್ಟೆಯ ‘ಅಸಲಿ ಕಸ್ತೂರಿ’ ಒಂದೋ ಕೃತಕ, ಇಲ್ಲವೇ ಅಪರಾಧ. ಎರಡರಲ್ಲಿ ಯಾವುದೂ ಪೂಜೆಗೆ ಬೇಡ.

3. ಹನಿ ಎಣಿಸಿ ಬೆರೆಸಿ

ಸಾರತೈಲವನ್ನು ನೇರವಾಗಿ ಮೈಗೆ ಹಚ್ಚಬಾರದು. ಇದೇ ಈ ಲೇಖನದ ಅತಿ ಮುಖ್ಯ ವಾಕ್ಯ. ಸಾಮಾನ್ಯವಾಗಿ 20 ಹನಿಗೆ 1 ಮಿಲಿ ಎಂದು ಲೆಕ್ಕ. ಹಾಗಾಗಿ 30 ಮಿಲಿ ಮೂಲ ಎಣ್ಣೆಗೆ 6 ಹನಿ ಹಾಕಿದರೆ ಶೇ 1ರ ಬೆರಕೆ, 12 ಹನಿ ಹಾಕಿದರೆ ಶೇ 2ರ ಬೆರಕೆ. ಮುಖ ಮತ್ತು ಹಣೆಗೆ ಶೇ 1, ಮಣಿಕಟ್ಟು ಮತ್ತು ಎದೆಗೆ ಶೇ 2. ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಲವಂಗದ ಎಣ್ಣೆಯಾದರೆ 30 ಮಿಲಿಗೆ 2 ಹನಿ ಮೀರಬಾರದು. ದಾಲ್ಚಿನ್ನಿ ತೊಗಟೆಯ ಎಣ್ಣೆಯನ್ನಂತೂ ಚರ್ಮದ ಬಳಿಗೇ ತರಬೇಡಿ.

ನಿತ್ಯದ ಜಪಕ್ಕೆ ನಾನು ಬಳಸುವ ಬೆರಕೆ ಹೀಗಿದೆ: ಎಳ್ಳೆಣ್ಣೆ 30 ಮಿಲಿ, ಶ್ರೀಗಂಧ 4 ಹನಿ, ಲಾವಂಚ 1 ಹನಿ, ದವನ 1 ಹನಿ. ಶೀಷೆ ಪೂರ್ತಿ ಒಣಗಿರಬೇಕು. ಮೊದಲು ಸಾರತೈಲಗಳನ್ನು ಹಾಕಿ, ಶೀಷೆಯನ್ನು ಅಂಗೈಗಳ ನಡುವೆ ಉರುಳಿಸಿ, ಆಮೇಲೆ ಎಳ್ಳೆಣ್ಣೆ ಸುರಿಯಿರಿ. ಗಂಧದೆಣ್ಣೆ ಜೇನಿನಷ್ಟಲ್ಲದಿದ್ದರೂ ಮಂದವಾಗಿಯೇ ಇರುತ್ತದೆ, ಹನಿಗೊಳವೆಯ ತುದಿಯಲ್ಲಿ ತೂಗಾಡುತ್ತ ನಿಲ್ಲುತ್ತದೆ. ಅವಸರಪಟ್ಟು ರಬ್ಬರನ್ನು ಹಿಂಡಿದರೆ ಒಂದರ ಬದಲು ನಾಲ್ಕು ಹನಿ ಬಿದ್ದು ಬೆಲೆಯೂ ಹೋಯಿತು, ಲೆಕ್ಕವೂ ಹೋಯಿತು. ಮುಚ್ಚಳ ಬಿಗಿದು, ಚೀಟಿಯಲ್ಲಿ ದಿನಾಂಕ ಮತ್ತು ಹನಿಗಳ ಲೆಕ್ಕ ಬರೆದು, ಒಂದು ವಾರ ಕತ್ತಲಲ್ಲಿಡಿ. ಮೊದಲ ದಿನ ಮೂರು ಪರಿಮಳಗಳು ಬೇರೆ ಬೇರೆಯಾಗಿ ಮೂಗಿಗೆ ತಾಗುತ್ತವೆ, ವಾರದ ಮೇಲೆ ಒಂದಾಗಿರುತ್ತವೆ.

ಕೊಬ್ಬರಿ ಎಣ್ಣೆಯನ್ನೂ ಬಳಸಬಹುದು, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಮಲೆನಾಡಿನ ಚಳಿಗಾಲದಲ್ಲಿ, ಅಥವಾ ಹೊರದೇಶದ ಚಳಿ ಊರುಗಳಲ್ಲಿರುವವರಿಗೆ, ಪ್ರತಿದಿನ ಶೀಷೆಯನ್ನು ಬಿಸಿನೀರಿನಲ್ಲಿಡುವ ಕೆಲಸ ಗಂಟುಬೀಳುತ್ತದೆ.

4. ಮೊದಲು ಮೊಣಕೈಯಲ್ಲಿ ಪರೀಕ್ಷಿಸಿ

ಬೆರೆಸಿದ ಎಣ್ಣೆಯ ಒಂದು ಹನಿಯನ್ನು ಮೊಣಕೈಯ ಒಳಮಡಿಕೆಗೆ ಹಚ್ಚಿ 24 ಗಂಟೆ ಬಿಡಿ. ಕೆಂಪಾದರೆ, ತುರಿಸಿದರೆ, ಉರಿದರೆ ಆ ಎಣ್ಣೆ ನಿಮಗಲ್ಲ. ಉರಿ ಕಂಡಾಗ ನೀರು ಸುರಿಯುವ ಬದಲು ಮೊದಲು ಬರೀ ಕೊಬ್ಬರಿ ಎಣ್ಣೆಯಿಂದ ಒರೆಸಿ, ನಂತರ ಸೋಪಿನಿಂದ ತೊಳೆಯಿರಿ. ಸಾರತೈಲ ನೀರಿನಲ್ಲಿ ಕರಗುವುದಿಲ್ಲ.

ಗರ್ಭಿಣಿಯರು, ಆಸ್ತಮಾ ಅಥವಾ ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಕೂಸುಗಳಿಗೆ ಸಾರತೈಲ ಬೇಡವೇ ಬೇಡ. ಶೀತಕ್ಕೆಂದು ಕರ್ಪೂರ ಕರಗಿಸಿದ ಎಣ್ಣೆಯನ್ನು ಕೂಸಿನ ಎದೆಗೆ ತಿಕ್ಕುವ ರೂಢಿ ನಮ್ಮಲ್ಲಿ ಇದೆ; ಕರ್ಪೂರ ಚರ್ಮದ ಮೂಲಕವೂ ಒಳಸೇರಿ ಎಳೆಮಕ್ಕಳಲ್ಲಿ ಫಿಟ್ಸ್ ಬರಿಸಬಲ್ಲದು ಎಂಬ ಕಾರಣಕ್ಕೆ ಇದನ್ನು ಪೂರ್ತಿ ಬಿಡಬೇಕು. ಮನೆಯಲ್ಲಿ ಬೆಕ್ಕಿದ್ದರೆ ಮುಚ್ಚಿದ ಕೋಣೆಯಲ್ಲಿ ಸಾರತೈಲವನ್ನು ಆವಿಯಾಗಿಸಬೇಡಿ, ಏಕೆಂದರೆ ಇವುಗಳಲ್ಲಿನ ಹಲವು ಅಂಶಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ.

5. ಜಪ ಮತ್ತು ಧ್ಯಾನಕ್ಕೆ ಹಚ್ಚಿಕೊಳ್ಳುವ ಕ್ರಮ

ಸ್ನಾನ ಮಾಡಿ, ಮೈ ಒಣಗಿದ ಮೇಲೆ ಆಸನದಲ್ಲಿ ಕುಳಿತು ಆಚಮನ, ಸಂಕಲ್ಪ ಮುಗಿಸಿ. ಬಲಗೈಯ ಉಂಗುರ ಬೆರಳಿನ ತುದಿಗೆ ಒಂದೇ ಹನಿ ತೆಗೆದುಕೊಂಡು ಭ್ರೂಮಧ್ಯ, ಕಂಠದ ಕುಳಿ, ಎದೆಯ ನಡು ಎಂಬ ಕ್ರಮದಲ್ಲಿ ಮುಟ್ಟಿಸಿ, ಉಳಿದದ್ದನ್ನು ಎರಡೂ ಮಣಿಕಟ್ಟುಗಳಿಗೆ ಸವರಿಕೊಳ್ಳಿ. ಇಷ್ಟಮಂತ್ರ ಇದ್ದವರು ಮುಟ್ಟಿಸುವಾಗ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಬಹುದು. ಗಂಧ ಸಮರ್ಪಣೆಗೆ ಶ್ರೀಸೂಕ್ತದ ‘ಗಂಧದ್ವಾರಾಂ’ ಮಂತ್ರವನ್ನು ಹೇಳುವ ವಾಡಿಕೆಯೂ ಇದೆ. ವಿಭೂತಿ ಅಥವಾ ನಾಮ ಧರಿಸುವವರು ಅದನ್ನು ಮೊದಲು ಧರಿಸಿ ಪೂರ್ತಿ ಒಣಗಲು ಬಿಡಬೇಕು, ಎಣ್ಣೆಯನ್ನು ಹಣೆಗೆ ಬದಲಾಗಿ ಕಂಠಕ್ಕೆ ಹಚ್ಚಬೇಕು. ಎಣ್ಣೆಯ ಮೇಲೆ ವಿಭೂತಿ ನಿಲ್ಲುವುದಿಲ್ಲ.

ಹತ್ತು ನಿಮಿಷವಾದ ಮೇಲೆ ‘ಪರಿಮಳವೇ ಬರುತ್ತಿಲ್ಲ’ ಎಂದು ಮತ್ತೆ ಹಚ್ಚಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಪರಿಮಳ ಎಲ್ಲಿಗೂ ಹೋಗಿರುವುದಿಲ್ಲ, ಮೂಗು ಒಗ್ಗಿಕೊಂಡಿರುತ್ತದೆ. ಎದ್ದು ಹೊರಗೆ ಹೋಗಿ ಬಂದರೆ ತಿಳಿಯುತ್ತದೆ. ನಿಂಬೆ, ಕಿತ್ತಳೆ ಜಾತಿಯ ಸಿಪ್ಪೆಯ ಎಣ್ಣೆಗಳನ್ನು ಹಣೆಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು. ಅವುಗಳಲ್ಲಿ ಕೆಲವು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುತ್ತವೆ, ಕಪ್ಪು ಕಲೆ ಬಹಳ ದಿನ ಉಳಿಯುತ್ತದೆ.

ರುದ್ರಾಕ್ಷಿ ಮಾಲೆಗೆ ಎಣ್ಣೆ ಹಚ್ಚುವವರು ಬೆರೆಸಿದ ಎಣ್ಣೆಯ ಒಂದೆರಡು ಹನಿಯನ್ನು ಮೃದುವಾದ ಬ್ರಷ್‌ಗೆ ಸವರಿ ಮಣಿಗಳ ಮುಖಗಳ ನಡುವಿನ ಗೆರೆಗಳನ್ನಷ್ಟೇ ಉಜ್ಜಬೇಕು. ದಾರ ಎಣ್ಣೆ ಕುಡಿದರೆ ಧೂಳು ಹಿಡಿದು ಬೇಗ ಸವೆಯುತ್ತದೆ.

6. ವಿಗ್ರಹಕ್ಕೆ ಎಣ್ಣೆಗಿಂತ ತೇಯ್ದ ಗಂಧವೇ ಸರಿ

ಇಲ್ಲಿ ನನ್ನ ನಿಲುವು ಸ್ಪಷ್ಟ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಕೊರಡಿನಿಂದ ತೇಯ್ದ ಗಂಧದಲ್ಲಿ ಮರದ ಎಣ್ಣೆಯೂ ಇದೆ, ಮರವೂ ಇದೆ, ತೇಯುವ ಹೊತ್ತಿನ ಏಕಾಗ್ರತೆಯೂ ಇದೆ. ಶೀಷೆಯ ಗಂಧದೆಣ್ಣೆ ಅದರ ಸ್ಥಾನ ತುಂಬಲಾರದು. ಕೊರಡು ಸಿಗದ ಊರಿನಲ್ಲಿರುವವರು ಬೆರೆಸಿದ ಎಣ್ಣೆಯ ಒಂದು ಹನಿಯನ್ನು ಹತ್ತಿಯ ಎಳೆಗೆ ತಾಕಿಸಿ ಪಂಚಲೋಹ ಅಥವಾ ಹಿತ್ತಾಳೆಯ ವಿಗ್ರಹದ ಪಾದಕ್ಕೆ ಮಾತ್ರ ಸವರಬಹುದು, ಮರುದಿನದ ಅಭಿಷೇಕದಲ್ಲಿ ಸೀಗೆಪುಡಿಯಿಂದ ತೊಳೆದುಬಿಡಬೇಕು. ತೊಳೆಯದೆ ದಿನದಿನ ಸವರಿದರೆ ಎಣ್ಣೆ, ಕುಂಕುಮ, ಹೊಗೆ ಮೂರೂ ಸೇರಿ ಕರಿಯ ಜಿಗುಟು ಪದರ ಕಟ್ಟುತ್ತದೆ. ಬಣ್ಣ ಬಳಿದ ವಿಗ್ರಹ, ಚಿನ್ನದ ಹಾಳೆ ಅಂಟಿಸಿದ ಮೈಸೂರು ಶೈಲಿಯ ಅಥವಾ ತಂಜಾವೂರು ಚಿತ್ರ, ಪ್ಲಾಸ್ಟಿಕ್ ಅಲಂಕಾರ ಇವುಗಳಿಗೆ ಯಾವ ಎಣ್ಣೆಯನ್ನೂ ಮುಟ್ಟಿಸಬೇಡಿ. ಸಾರತೈಲ ಬಣ್ಣವನ್ನೂ ಮೆರುಗನ್ನೂ ಕರಗಿಸುತ್ತದೆ. ದೇವಸ್ಥಾನಕ್ಕಾದರೆ ಮುಚ್ಚಿದ ಶೀಷೆಯನ್ನು ಅರ್ಚಕರ ಕೈಗೆ ಕೊಟ್ಟು, ಬಳಸುವುದನ್ನು ಅವರಿಗೇ ಬಿಡಿ.

7. ದೀಪ ಬೇರೆ, ಪರಿಮಳ ಬೇರೆ

ದೀಪದ ಎಣ್ಣೆಗೆ ಗಂಧದೆಣ್ಣೆ ಬೆರೆಸಬಹುದೇ ಎಂಬ ಪ್ರಶ್ನೆಗೆ ಉತ್ತರ: ಬೆರೆಸಿ ಪ್ರಯೋಜನವಿಲ್ಲ. ಬತ್ತಿ ಹೀರಿಕೊಂಡ ಎಣ್ಣೆಯೊಡನೆ ಪರಿಮಳವೂ ಜ್ವಾಲೆಯಲ್ಲಿ ಉರಿದುಹೋಗುತ್ತದೆ. ಬಿಸಿಯಾದ ಹಣತೆಯಿಂದ ಆವಿಯಾಗಿ ಬರುವ ಅಲ್ಪ ಪರಿಮಳವಷ್ಟೇ ನಿಮ್ಮ ಮೂಗಿಗೆ ಸಿಗುವುದು. ಅಷ್ಟಕ್ಕೆ ಅಪಾಯವೂ ಇದೆ. ಎಳ್ಳೆಣ್ಣೆಯ ಆವಿಗೆ ಕಿಡಿ ತಾಗಿ ಹೊತ್ತಿಕೊಳ್ಳಬೇಕಾದರೆ ಎಣ್ಣೆ 250 ಡಿಗ್ರಿಗೂ ಮೇಲೆ ಕಾದಿರಬೇಕು, ಕಿತ್ತಳೆ ಅಥವಾ ನೀಲಗಿರಿ ಎಣ್ಣೆಗೆ 50 ಡಿಗ್ರಿ ಆಸುಪಾಸು ಸಾಕು. ಉರಿಯುತ್ತಿರುವ ದೀಪಕ್ಕೆ ಶೀಷೆಯಿಂದ ಸಾರತೈಲ ಹನಿಸುವುದೆಂದರೆ ಶೀಷೆಯವರೆಗೂ ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಪೂಜೆಯ ವೇಳೆ ಆಲ್ಕೋಹಾಲ್ ಇರುವ ಸೆಂಟನ್ನು ದೇವರಕೋಣೆಯಲ್ಲಿ ಸಿಂಪಡಿಸುವುದು ಇದಕ್ಕಿಂತಲೂ ಕೆಟ್ಟದ್ದು.

ಹೀಗೆ ಮಾಡಿ: ದೀಪಕ್ಕೆ ಬರೀ ಎಳ್ಳೆಣ್ಣೆ ಅಥವಾ ತುಪ್ಪ. ಅದರಿಂದ ಎರಡು ಮೊಳ ದೂರದಲ್ಲಿ ಬಟ್ಟಲಿನಲ್ಲಿ ಬಿಸಿನೀರು ತುಂಬಿ, 3 ಹನಿ ಸಾರತೈಲ ಬಿಡಿ. ನೀರು ತಣಿಯುವಷ್ಟರಲ್ಲಿ ಪೂಜೆ ಮುಗಿದಿರುತ್ತದೆ. ವಿದ್ಯುತ್ ಡಿಫ್ಯೂಸರ್, ಎಂದರೆ ನೀರಿನೊಡನೆ ಪರಿಮಳವನ್ನು ಮಂಜಿನಂತೆ ಚಿಮ್ಮಿಸುವ ಯಂತ್ರ, ಇದ್ದವರು 100 ಮಿಲಿ ನೀರಿಗೆ 3ರಿಂದ 5 ಹನಿ ಹಾಕಿ ಅರ್ಧ ಗಂಟೆ ನಡೆಸಿ ನಿಲ್ಲಿಸಬೇಕು, ಕಿಟಕಿ ತುಸು ತೆರೆದಿರಬೇಕು. ಜಿಡ್ಡಿನ ಎಣ್ಣೆಯನ್ನಾಗಲಿ ಅತ್ತರನ್ನಾಗಲಿ ಆ ಯಂತ್ರಕ್ಕೆ ಹಾಕಿದರೆ ಅದು ಕಟ್ಟಿಕೊಂಡು ಕೆಡುತ್ತದೆ.

ಅಂಗಡಿಯ ‘ದೀಪದ ಎಣ್ಣೆ’ಯನ್ನು ಎಂದೂ ಮೈಗೆ ಹಚ್ಚಿಕೊಳ್ಳಬೇಡಿ, ಅಡುಗೆಮನೆಯಲ್ಲಿಯೂ ಇಡಬೇಡಿ. ಅನೇಕ ದೀಪದ ಎಣ್ಣೆಗಳು ಹಲವು ಎಣ್ಣೆಗಳ ಬೆರಕೆ. ಆಹಾರಕ್ಕೆ ಯೋಗ್ಯವಲ್ಲ ಎಂದು ಚೀಟಿಯಲ್ಲಿಯೇ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ.

ವಶೀಕರಣ, ಧನಾಕರ್ಷಣೆಯ ಎಣ್ಣೆಗಳು

ಹನಿ ಹಚ್ಚಿದರೆ ಬೇಕಾದವರು ಒಲಿಯುತ್ತಾರೆ, ಸಾಲ ತೀರುತ್ತದೆ, ಕಾಯಿಲೆ ಬಿಡುತ್ತದೆ ಎಂದು ಸಾವಿರಾರು ರೂಪಾಯಿಗೆ ಮಾರುವ ಎಣ್ಣೆಗಳ ಬಗ್ಗೆಯೂ ಕೇಳುತ್ತಾರೆ. ಕೊಳ್ಳಬೇಡಿ. ಮಂತ್ರ, ಯಂತ್ರ, ತಾಯಿತ ಮೊದಲಾದವುಗಳಿಂದ ರೋಗ ಗುಣವಾಗುತ್ತದೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ. ಪರಿಮಳ ನಿಮ್ಮ ಮನಸ್ಸನ್ನು ಒಂದೆಡೆ ನಿಲ್ಲಿಸಲು ನೆರವಾದೀತು, ಇನ್ನೊಬ್ಬರ ಮನಸ್ಸಿನ ಮೇಲೆ ಅದಕ್ಕೆ ಅಧಿಕಾರವಿಲ್ಲ. ಅಂಥ ಎಣ್ಣೆಯಲ್ಲಿ ಏನು ಬೆರೆತಿದೆ ಎಂದು ಮಾರುವವರೂ ಬರೆದಿರುವುದಿಲ್ಲವಾದ್ದರಿಂದ ಚರ್ಮದ ದೃಷ್ಟಿಯಿಂದಲೂ ಅದು ಅಪಾಯವೇ.

8. ಕಾಪಿಡುವುದು

ಕಂದು ಗಾಜು, ಕತ್ತಲು, ತಂಪು. ಈ ಮೂರಿದ್ದರೆ ಶ್ರೀಗಂಧ ಮತ್ತು ಲಾವಂಚದ ಎಣ್ಣೆಗಳು ವರ್ಷಗಟ್ಟಲೆ ಬಾಳುತ್ತವೆ, ಹಳತಾದಷ್ಟೂ ಅವುಗಳ ಪರಿಮಳ ಹದಗೊಳ್ಳುತ್ತದೆ. ನಿಂಬೆ, ಕಿತ್ತಳೆ ಎಣ್ಣೆಗಳನ್ನು ತೆರೆದ ಒಂದು ವರ್ಷದೊಳಗೆ ಮುಗಿಸಿ. ಬೆರೆಸಿದ ಎಣ್ಣೆಯ ಆಯುಸ್ಸು ಮೂಲ ಎಣ್ಣೆಯ ಆಯುಸ್ಸಿನಷ್ಟೇ. ಎಳ್ಳೆಣ್ಣೆ ಆರು ತಿಂಗಳಾದರೂ ಕೆಡದೆ ಇರುತ್ತದೆ, ಹಳಸಲು ವಾಸನೆ ಬಂದೊಡನೆ ಬಿಟ್ಟುಬಿಡಿ. ರಬ್ಬರ್ ತಲೆಯ ಹನಿಗೊಳವೆಯನ್ನು ಶೀಷೆಯಲ್ಲಿಯೇ ಮುಚ್ಚಿಡಬೇಡಿ. ನಾನು ಲವಂಗದ ಎಣ್ಣೆಯ ಶೀಷೆಯಲ್ಲಿ ಹಾಗೆ ಬಿಟ್ಟಿದ್ದೆ. ಎರಡು ತಿಂಗಳಲ್ಲಿ ರಬ್ಬರು ಊದಿ ಬೆಲ್ಲದ ಪಾಕದಂತೆ ಅಂಟಂಟಾಗಿ, ಎಣ್ಣೆಯೂ ಕೆಟ್ಟಿತು. ಶೀಷೆಗಳನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿಡಿ. ನೀಲಗಿರಿ, ಕರ್ಪೂರದ ಎಣ್ಣೆಗಳು ಹೊಟ್ಟೆಗೆ ಹೋದರೆ ಒಂದು ಚಮಚವೂ ಮಗುವಿಗೆ ಪ್ರಾಣಾಂತಕ. ಕುಡಿದದ್ದು ತಿಳಿದರೆ ವಾಂತಿ ಮಾಡಿಸಲು ಹೋಗದೆ, ಶೀಷೆಯನ್ನೂ ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.

ಕೆಟ್ಟ ಎಣ್ಣೆಯನ್ನು ತುಳಸಿಕಟ್ಟೆಗೂ ಬಾವಿಯ ಬಳಿಗೂ ಬಚ್ಚಲಿಗೂ ಸುರಿಯಬೇಡಿ. ಹಳೆಯ ಪತ್ರಿಕೆಗೆ ಹೀರಿಸಿ, ಮಡಚಿ, ದೀಪ ಮತ್ತು ಒಲೆಯಿಂದ ದೂರದ ಕಸದ ಡಬ್ಬಿಗೆ ಹಾಕಿ. ಖಾಲಿ ಶೀಷೆಯನ್ನು ಸೀಗೆಪುಡಿ ಮತ್ತು ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಬೋರಲು ಹಾಕಿದರೆ ಮುಂದಿನ ಬೆರಕೆಗೆ ಅದೇ ಆಗುತ್ತದೆ.